ಅಥೆನ್ಸಿನ ಮುದುಕನ ಹರಕೆಯ ಕೋಳಿ

ಪ್ರಾಚೀನ ಗ್ರೀಕರ ತತ್ತ್ವಶಾಸ್ತ್ರವನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಈಗ ಒಬ್ಬಿಬ್ಬರು ಹುಡುಗರು ಬರುತ್ತಿದ್ದಾರಂತೆ. ಅವರಲ್ಲೊಬ್ಬ ಮೊನ್ನೆ ನಮ್ಮ ಮನೆಗೇ ಬಂದು, ‘ಸರ್, ಈ ಕ್ಷೇತ್ರದಲ್ಲಿ ಅವಕಾಶ ಹೇಗಿದೆ?’ ಎಂದು ಕೇಳಿದ. ಬೇಕಾದಷ್ಟಿದೆ, ಅದರಲ್ಲಿ ಯಾರೂ ಇಲ್ಲ ಎಂದೆ. ಚಹಾ ಕುಡಿದು ಹೋದ. ಮತ್ತೆ ಬಂದರೆ ಕೈಗೆ ಕೊಡಲು ಏನಾದರೂ ಇರಲೆಂದು ಇದನ್ನು ಬರೆಯುತ್ತಿದ್ದೇನೆ. ನೌಕರಿಯಲ್ಲಿ ಯಾವಾಗ ಯಾವ ಗ್ರೇಡಿಗೆ ಏರಿದೆ ಎಂಬುದನ್ನು ಬಿಟ್ಟಿದ್ದೇನೆ. ಏರಿದ್ದು ಅಷ್ಟಕ್ಕಷ್ಟೇ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಈ ಕೆಲಸಕ್ಕೆ ಪಗಾರವಿಲ್ಲ. ನನಗೆ ಪಗಾರ ಬರುತ್ತಿದ್ದದ್ದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮತ್ತು ಇತಿಹಾಸ ಕಲಿಸಿದ್ದಕ್ಕೆ. ಗ್ರೀಕ್ ಕಲಿತದ್ದು ಪುಣೆಯಲ್ಲಿ, ಒಬ್ಬ ವಯಸ್ಸಾದ ಪ್ರೊಫೆಸರರ ಹತ್ತಿರ. ಅವರು ಅದನ್ನು ಮರಾಠಿಯಲ್ಲಿ ಕಲಿಸುತ್ತಿದ್ದರು. ಹೀಗಾಗಿ ಆತ್ಮದ ಬಗ್ಗೆ ಗ್ರೀಕರು ಏನೆಂದರು ಎಂಬುದು ನನಗೆ ಮೊದಲು ಮರಾಠಿಯಲ್ಲಿ ತಿಳಿಯಿತು, ಆಮೇಲೆ ಇಂಗ್ಲಿಷಿನಲ್ಲಿ, ಕಡೆಗೆ ಕನ್ನಡದಲ್ಲಿ. ಸಂಶಯ ಮೂರರಲ್ಲೂ ಹಾಗೇ ಉಳಿದಿದೆ.

ಸ್ವಾತಂತ್ರ್ಯ ಬಂದ ವರ್ಷವೇ ಗೋಕಾಕದಲ್ಲಿ ನೌಕರಿ ಸಿಕ್ಕಿತು. ಬಾಡಿಗೆಗೆ ಹಿಡಿದ ಮನೆಯ ಒಡತಿ ಮುದುಕಿ. ನಾನು ಏನು ಬರೆಯುತ್ತಿದ್ದೇನೆಂದು ಒಂದು ದಿನ ಕೇಳಿದಳು. ಎಂದೋ ಸತ್ತುಹೋದವರು ಆಡಿದ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ ಎಂದೆ. ಆಕೆ ಅದನ್ನು ಓಣಿಗೆಲ್ಲ ಹೇಳಿದಳು. ವಾರ ಕಳೆಯುವುದರೊಳಗೆ ಒಬ್ಬ ರೈತ ತೆಂಗಿನಕಾಯಿ, ಊದಿನಕಡ್ಡಿ ಹಿಡಿದು ಬಂದು ಕಟ್ಟೆಯ ಮೇಲೆ ಕೂತ.

‘ಮಾಸ್ತರ್ರ, ನಮ್ಮಪ್ಪ ಬದುವಿನ ಕಲ್ಲ ಎಲ್ಲಿ ಹುಗದಾನ ಅಂತ ಒಂದ ಮಾತ ಕೇಳಿ ಹೇಳ್ರಿ.’

‘ನನಗ ಗೊತ್ತಿರೋ ಸತ್ತವರೆಲ್ಲಾ ಗ್ರೀಸ್ ದೇಶದವರಪಾ’ ಎಂದೆ.

‘ಇರವಲ್ರ್ಯಾಕ. ಅಲ್ಲಿ ಹೋದ ಮ್ಯಾಲ ಎಲ್ಲಾರೂ ಒಂದ ಕಡೆ ಇರತಾರಲ್ರಿ.’

ಗ್ರೀಕರ ಜ್ಞಾನಿಗಳಲ್ಲಿ ಕೆಲವರ ಅಭಿಪ್ರಾಯವೂ ಸುಮಾರು ಇದೇ ಆಗಿದ್ದರಿಂದ ನನಗೆ ವಾದ ಮಾಡಲು ಬರಲಿಲ್ಲ. ಅವನು ಕಾಯಿಯನ್ನು ಅಲ್ಲೇ ಬಿಟ್ಟು ಹೋದ. ಈ ಕಥನದಲ್ಲಿ ಮತ್ತೊಂದು ತೆಂಗಿನಕಾಯಿ ಬರುತ್ತದೆ. ಅದು ಇಷ್ಟು ನಿರಪಾಯದ್ದಲ್ಲ.

ಆ ಕಾಲದಲ್ಲಿ ನನ್ನ ಅನುವಾದದ ಕನ್ನಡ ಬಹಳ ಘನವಾಗಿತ್ತು. ಅದರಲ್ಲಿ, ಪೇಟೆಯಲ್ಲಿ ಎದುರಾದ ಇಬ್ಬರು ಗ್ರೀಕ್ ಗೆಳೆಯರು ‘ಹೇ ಮಿತ್ರವರ್ಯ’ ಎಂದು ಶುರು ಮಾಡುತ್ತಿದ್ದರು. ನನ್ನ ಹೆಂಡತಿಗೆ ಓದಿ ತೋರಿಸಿದರೆ, ಇವರು ಸಿಟ್ಟಿನಲ್ಲಿದ್ದಾರೋ ಹೇಗೆ ಎಂದು ಕೇಳಿದಳು. ಆಮೇಲೆ ರವಿವಾರ ಗೋಕಾಕ ಫಾಲ್ಸಿಗೆ ಹೋಗಿ, ಮಿಲ್ಲಿನ ಆಚೆ ಬಂಡೆಯ ಮೇಲೆ ಕೂತು ಗಟ್ಟಿಯಾಗಿ ಓದಿಕೊಳ್ಳುವ ರೂಢಿ ಮಾಡಿಕೊಂಡೆ. ಮಳೆಗಾಲದಲ್ಲಿ ಅಲ್ಲಿ ನೀರಿನ ಸಪ್ಪಳಕ್ಕೆ ತನ್ನ ದನಿ ತನಗೇ ಕೇಳುವುದಿಲ್ಲ. ಆ ಕಾಲದ ನನ್ನ ಅನುವಾದಕ್ಕೆ ಅದು ಸರಿಯಾದ ಜಾಗವಾಗಿತ್ತು.

ಗೋಕಾಕದಿಂದ ಹುಕ್ಕೇರಿಗೆ ಬಂದೆ. ಅಲ್ಲಿಯ ಹೆಡ್‌ಮಾಸ್ತರರಿಗೆ ಶಾಲೆಯ ವಾರ್ಷಿಕ ಸಂಚಿಕೆಯ ಮೇಲೆ ಬಹಳ ಪ್ರೀತಿ. ಅದರಲ್ಲಿ ಒಂದು ಅಕ್ಷರವೂ ಅವರ ಕಣ್ಣು ತಪ್ಪಿಸಿ ಹೋಗುವಂತಿರಲಿಲ್ಲ. ನಾನು ಅದಕ್ಕೆ ಅಥೆನ್ಸಿನ ಮುದುಕನ ಕೊನೆಯ ದಿನದ ಭಾಗವನ್ನು ಕೊಟ್ಟೆ.

ಗೊತ್ತಿಲ್ಲದವರಿಗಾಗಿ ಆ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಅಥೆನ್ಸ್ ಎಂಬ ಊರಲ್ಲಿ ಒಬ್ಬ ಮುದುಕನಿದ್ದ. ಸಿಕ್ಕ ಸಿಕ್ಕವರನ್ನು ನಿಲ್ಲಿಸಿ ಪ್ರಶ್ನೆ ಕೇಳುವುದೇ ಅವನ ಉದ್ಯೋಗ. ಊರಿಗೆ ಸಾಕಾಗಿ, ಅವನ ಮೇಲೆ ಖಟ್ಲೆ ಹಾಕಿ, ವಿಷ ಕುಡಿದು ಸಾಯಬೇಕೆಂದು ಶಿಕ್ಷೆ ಕೊಟ್ಟರು. ಒಬ್ಬ ಗೆಳೆಯ ಜೇಲಿನಿಂದ ಅವನನ್ನು ಓಡಿಸಲು ಎಲ್ಲ ವ್ಯವಸ್ಥೆ ಮಾಡಿ ಬಂದ. ಮುದುಕ ಒಪ್ಪಲಿಲ್ಲ, ವಿಷ ಕುಡಿದ. ಪ್ರಾಣ ಹೋಗುವ ಮುನ್ನ ಅದೇ ಗೆಳೆಯನನ್ನು ಕರೆದು, ವೈದ್ಯದೇವರಿಗೆ ಹರಕೆಯ ಕೋಳಿ ಒಪ್ಪಿಸುವುದಿದೆ, ಮರೆಯಬೇಡಿ ಎಂದ. ಅದು ಯಾತರ ಹರಕೆ ಎಂದು ವಿದ್ವಾಂಸರು ಇನ್ನೂ ಜಗಳಾಡುತ್ತಿದ್ದಾರೆ.

ಹೆಡ್‌ಮಾಸ್ತರರು ನನ್ನನ್ನು ಕರೆಸಿದರು. ‘ಏನ್ರಿ ಇದು? ಅಷ್ಟ ದೊಡ್ಡ ಜ್ಞಾನಿ ಸಾಯೂ ಹೊತ್ತಿನ್ಯಾಗ ಕೋಳಿ ನೆನಸ್ತಾನೇನ್ರಿ? ತೆಂಗಿನಕಾಯಿ ಮಾಡ್ರಿ.’

‘ಗ್ರೀಸಿನ್ಯಾಗ ತೆಂಗು ಬೆಳಿಯೂದಿಲ್ರಿ ಸಾಹೇಬ್ರ.’

‘ನಮ್ಮ ಸಾಲಿ ಹುಕ್ಕೇರ್ಯಾಗ ಐತಿ’ ಎಂದು ಅವರು ತಾವೇ ಕೋಳಿಯನ್ನು ಹೊಡೆದುಹಾಕಿ ಕಾಯಿ ಎಂದು ಬರೆದರು. ಸಂಚಿಕೆ ಹಾಗೇ ಅಚ್ಚಾಯಿತು. ಚಿತ್ರಕಲೆಯ ಮಾಸ್ತರ ಹಾಲಪ್ಪ ಅದಕ್ಕೊಂದು ಚಿತ್ರವನ್ನೂ ಬರೆದ. ಮಂಚದ ಮೇಲೆ ಮುದುಕ, ಅವನ ಕೈಯಲ್ಲಿ ವಿಷದ ಬಟ್ಟಲು, ಬಾಜೂಕ್ಕೆ ಜುಟ್ಟು ಬಿಟ್ಟ ತೆಂಗಿನಕಾಯಿ. ಹಾಲಪ್ಪ ತುಕ್ಕಾನಟ್ಟಿಯವನು. ರಜೆಗೆ ಊರಿಗೆ ಹೋದಾಗ, ನಮ್ಮ ಮಾಸ್ತರ ಕೋಳಿಯನ್ನು ಕಾಯಿ ಮಾಡುವ ವಿದ್ಯೆ ಕಲಿತಿದ್ದಾನೆ ಎಂದು ಸಿಕ್ಕವರಿಗೆಲ್ಲ ಹೇಳಿ ನಗಿಸಿದ. ನನಗೆ ಅದು ಗೊತ್ತಾದದ್ದು ತಡವಾಗಿ.

ಹುಕ್ಕೇರಿ ಬಿಟ್ಟು ಮೂಡಲಗಿಗೆ ಬಂದದ್ದು ರಾಜ್ಯ ಒಂದಾದ ಮೇಲೆ. ಅಲ್ಲಿ ನಾನು ಸೇರಿದ್ದು ಹಳ್ಳದ ದಂಡೆಯ ಒಂದು ಸಣ್ಣ ಮಠ ನಡೆಸುತ್ತಿದ್ದ ಶಾಲೆಗೆ. ಮಠದ ಸ್ವಾಮಿಗಳನ್ನು ಎಲ್ಲರೂ ಅಪ್ಪಾರು ಎನ್ನುತ್ತಿದ್ದರು. ಕಡಿಮೆ ಮಾತಿನವರು. ಶ್ರಾವಣದಲ್ಲಿ ತಿಂಗಳಿಡೀ ಅಲ್ಲಿ ಸಂಜೆ ಪುರಾಣ ನಡೆಯುತ್ತಿತ್ತು. ಆ ವರ್ಷ ಪುರಾಣ ಹೇಳುವ ಶಾಸ್ತ್ರಿಗಳ ಗಂಟಲು ಕೂತುಹೋಯಿತು. ಅಪ್ಪಾರು ನನ್ನನ್ನು ಕರೆದು, ‘ನೀವು ಯಾರೋ ಶರಣರ ಮಾತ ಕನ್ನಡಕ್ಕ ತರಾಕತ್ತೀರಂತಲ್ಲ, ಅದನ್ನ ಓದ್ರಿ’ ಎಂದರು.

‘ಅಂವಾ ನಮ್ಮ ಶರಣ ಅಲ್ರೀ ಅಪ್ಪಾರ.’

‘ಖರೇದ ಸಲವಾಗಿ ಪ್ರಾಣಾ ಕೊಟ್ಟಾನಂತೀರಿ. ಮತ್ತೇನ ಬೇಕ?’

ನಮ್ಮ ಕಡೆ ಪುರಾಣವೆಂದರೆ ಜನ ಸುಮ್ಮನೆ ಕೂತು ಕೇಳುವುದಿಲ್ಲ. ಶರಣ ಹುಟ್ಟುವ ದಿನ ಹೆಂಗಸರು ತೊಟ್ಟಿಲು ಕಟ್ಟಿ ಜೋಗುಳ ಹಾಡುತ್ತಾರೆ. ಮದುವೆಯ ದಿನ ಅಕ್ಷತೆ ತರುತ್ತಾರೆ. ಓದುವವನು ಅದೆಲ್ಲ ಮುಗಿಯುವವರೆಗೆ ಕಾಯಬೇಕು. ಅಥೆನ್ಸಿನ ಮುದುಕನಿಗೂ ತೊಟ್ಟಿಲು ಕಟ್ಟಿದರು. ಅವನ ತಾಯಿ ಸೂಲಗಿತ್ತಿಯಾಗಿದ್ದಳು ಎಂದು ನಾನು ಓದಿದ ಕೂಡಲೇ, ಊರ ಸೂಲಗಿತ್ತಿಯನ್ನು ಕರೆತಂದು ಕೂರಿಸಿ ಉಡಿ ತುಂಬಿದರು. ಗ್ರೀಕ್ ಓದಿದ ಯಾವ ವಿದ್ವಾಂಸನಿಗೂ ಇಂಥದು ಹೊಳೆದಂತಿಲ್ಲ.

ತೊಂದರೆ ಶುರುವಾದದ್ದು ಖಟ್ಲೆಯ ದಿನ. ಎರಡೂ ಕಡೆಯ ಮಾತು ಓದಿ, ತೀರ್ಪು ನಾಳೆ ಎಂದು ನಿಲ್ಲಿಸಿದೆ. ಊರ ಪಂಚರು ಅಲ್ಲೇ ಒಂದು ಕಡೆ ಕೂಡಿದರು. ಮುದುಕನದು ಏನೂ ತಪ್ಪಿಲ್ಲ, ಬಾಯಿ ಸ್ವಲ್ಪ ಹೆಚ್ಚು ಅಷ್ಟೇ ಎಂದು ಖುಲಾಸೆ ಮಾಡಿ ಸಕ್ಕರೆ ಹಂಚಿದರು. ನನಗೂ ಕೊಟ್ಟರು, ತಿಂದೆ. ಮರುದಿನ ಅದೇ ಬಾಯಿಂದ ಮರಣದಂಡನೆ ಓದಬೇಕಾಯಿತು. ಹೊರಗೆ ಬಂದಾಗ ನನ್ನ ಚಪ್ಪಲಿ ಬಿಟ್ಟಲ್ಲಿ ಇರಲಿಲ್ಲ, ಎಲ್ಲಿದೆ ಎಂದು ಯಾರೂ ಹೇಳಲಿಲ್ಲ.

ನನ್ನ ಅನುವಾದದ ರೀತಿ ಬದಲಾದದ್ದೂ ಆ ತಿಂಗಳಲ್ಲೇ. ಅರ್ಥವಾಗದ ಮಾತು ಬಂದರೆ, ‘ಏನಂದಾ ಅಂವಾ? ತಿಳಿಯೂಹಂಗ ಹೇಳ್ರಿ’ ಎಂದು ಯಾರಾದರೂ ಕೂಗುತ್ತಿದ್ದರು. ದಿನಾ ಮಧ್ಯಾಹ್ನ ಕೂತು ಸಂಜೆಯ ಭಾಗವನ್ನು ಹೊಸದಾಗಿ ಬರೆಯತೊಡಗಿದೆ. ಮಿತ್ರವರ್ಯರು ಹೋದರು, ಗೆಳೆಯರು ಬಂದರು.

ಕೇಳಲು ಬರುತ್ತಿದ್ದವರಲ್ಲಿ ಹತ್ತಿರದ ತುಕ್ಕಾನಟ್ಟಿಯ ನೀಲವ್ವ ಇದ್ದಳು, ಆಕೆಯ ಮಗ ಸಿದ್ದಪ್ಪನೂ ಇದ್ದ. ಇಬ್ಬರೂ ಬೇರೆ ಬೇರೆ ಬರುತ್ತಿದ್ದರು. ಆ ಬೇಸಿಗೆಯಲ್ಲಿ ಕಾಲುವೆಯ ನೀರಿನ ಪಾಳಿಗೆ ಜಗಳವಾಗಿ ಕಾವಲುಗಾರನ ಕೈ ಮುರಿದಿತ್ತು. ಗುಂಪಿನಲ್ಲಿ ಹೊಡೆದವರು ಯಾರೋ, ಫಿರ್ಯಾದು ಸಿದ್ದಪ್ಪನ ಹೆಸರಿಗೆ ಆಯಿತು. ಅವನು ಮಸಗುಪ್ಪಿಯಲ್ಲಿ ಅತ್ತೆಯ ಕಬ್ಬಿನಲ್ಲಿ ಅಡಗಿದ್ದ. ಸಿಕ್ಕರೆ ಜೇಲು ಖಂಡಿತ ಎಂದು ಎಲ್ಲರೂ ಹೇಳುತ್ತಿದ್ದರು. ಮನೆಯಲ್ಲಿ ಹೆಂಡತಿ, ಇನ್ನೂ ಮಾತು ಬರದ ಒಂದು ಹೆಣ್ಣುಕೂಸು. ಆದರೂ ದೀಪ ಹಚ್ಚುವ ಹೊತ್ತಿಗೆ ತಲೆಯ ಮೇಲೆ ಕಂಬಳಿ ಹೊದ್ದು ಬಂದು ಕಂಬದ ಹಿಂದೆ ಕೂರುತ್ತಿದ್ದ. ಅದು ಎಲ್ಲರಿಗೂ ಗೊತ್ತಿತ್ತು. ಪೊಲೀಸ್ ಪೇದೆಯೂ ದಿನಾ ಬರುತ್ತಿದ್ದ. ಅವನು ಎಲ್ಲರಿಗಿಂತ ಮುಂದೆ ಕೂರುತ್ತಿದ್ದ, ಏಕೆಂದರೆ ಮುಂದೆ ಕೂತರೆ ಹಿಂದೆ ಯಾರಿದ್ದಾರೆಂದು ಕಾಣುವುದಿಲ್ಲ.

ಮರಣದಂಡನೆ ಓದಿದ ಸಂಜೆ ಸಿದ್ದಪ್ಪ ಹುಣಸೆಮರದ ಕೆಳಗೆ ನನ್ನನ್ನು ತಡೆದ. ‘ಮಾಸ್ತರ್ರ, ಅಂವಾ ಜೇಲಿನಿಂದ ಓಡಿ ಹೋಗತಾನೇನ್ರಿ?’

‘ನಾಳೆ ಓದತೇನಿ, ಬಾ’ ಎಂದೆ. ಪುರಾಣ ಹೇಳುವವರು ಕೊಡುವ ಉತ್ತರ ಅದು. ಅವನು ಯಾಕೆ ಕೇಳಿದ ಎಂದು ನಾನು ಯೋಚಿಸಲಿಲ್ಲ.

ಮರುದಿನ ಮಧ್ಯಾಹ್ನ ನಾನು ಬರೆಯುತ್ತ ಕೂತಾಗ ನೀಲವ್ವ ಬಂದಳು. ನೀರು ಕೊಟ್ಟರೂ ಕುಡಿಯಲಿಲ್ಲ.

‘ಮಾಸ್ತರ್ರ, ಇವತ್ತ ಆ ಮುದುಕನ್ನ ಓಡಿಸಿ ಬಿಡ್ರಿ.’

‘ಹಂಗ ಬರದಿಲ್ಲ ನೀಲವ್ವ. ಅಂವಾ ಓಡೂದಿಲ್ಲ.’

‘ಬರದಿಲ್ಲಂದ್ರ ಬರೀರಿ. ಬರಿಯೂದ ನಿಮ್ಮ ಕೆಲಸ ಐತಲ್ಲ.’

‘ಬರದಾಂವ ಬ್ಯಾರೆ. ಅಂವಾ ಹೇಳಿದ್ದನ್ನ ನಾ ಹೇಳಾಂವ ಅಷ್ಟ.’

‘ಆ ಮುದುಕ ಸತ್ತ ಎಷ್ಟ ವರ್ಷಾತ್ರಿ?’

‘ಎರಡ ಸಾವಿರದ ಮ್ಯಾಲಾತು.’

‘ಹಂಗಾರ ಅಂವಗ ಇನ್ನೇನಾಗೂದೈತಿ? ಆಗೂದ ನನ್ನ ಮಗಗ.’ ಆಕೆ ಹೊಸ್ತಿಲ ಬಳಿ ಕೂತಳು. ‘ನಿನ್ನೆ ಏನಂದಾನ ಗೊತ್ತೈತೇನ್ರಿ? ಆ ಮುದುಕ ಓಡಲಿಲ್ಲಂದ್ರ ನಾನೂ ಓಡೂದಿಲ್ಲವ್ವಾ ಅಂದ. ನಾ ಚಕ್ಕಡಿ ಹೇಳಿಟ್ಟೇನಿ. ಘಟಪ್ರಭಾದಾಗ ರೈಲ ಹತ್ತಿದ್ರ ಮಿರಜ. ಅಲ್ಲಿ ನಮ್ಮಣ್ಣ ಅದಾನ. ಎಲ್ಲಾ ಮಾಡಿಟ್ಟೇನಿ, ಇಂವಾ ಏಳೂದೊಂದ ಬಾಕಿ.’

ಓದುವುದು ನನ್ನ ಕೈಯಲ್ಲಿದೆ, ಬದಲಿಸುವುದು ಇಲ್ಲ ಎಂದು ಮತ್ತೆ ಹೇಳಿದೆ. ಆಕೆ ನನ್ನ ಮುಖ ನೋಡಿದಳು.

‘ಹುಕ್ಕೇರ್ಯಾಗ ಕೋಳಿ ತಗದ ಕಾಯಿ ಇಟ್ಟೀರಂತಲ್ಲ. ಹಾಲಪ್ಪ ಮಾಸ್ತರ ಹೇಳ್ಯಾನ. ಹೆಡ್‌ಮಾಸ್ತರಂದ್ರ ತಗೀತೀರಿ, ನಾ ಅಂದ್ರ ಇಲ್ಲೇನ್ರಿ?’

ನಾನು ಲೇಖನಿ ಕೆಳಗಿಟ್ಟೆ.

ಆಕೆ ನಿಲ್ಲಿಸಲಿಲ್ಲ. ‘ಮಗನ್ನ ಉಳಿಸ್ಕೊಳ್ಳಾಕ ಬರಲಿಲ್ಲ ಈಕಿಗೆ ಅಂತ ಮಂದಿ ಅನ್ನೂದಿಲ್ಲೇನ್ರಿ? ತಾ ಮಾಡದ ತಪ್ಪಿಗೆ ತಾನ ಹೋಗಿ ಕುತಗಿ ಕೊಡೂದ ಯಾವ ಶ್ಯಾಣ್ಯಾತನ? ಆ ಕೂಸಿನ್ನ ಮಂದಿ ಕೈಯಾಗ ಬಿಟ್ಟ ಹೋಗೂದ ಧರ್ಮ ಏನ್ರಿ?’

ಆಕೆ ಹೇಳುತ್ತ ಹೋದಂತೆ ನನಗೆ ಮೇಜಿನ ಮೇಲಿದ್ದ ಹಾಳೆಯ ಕಡೆ ನೋಡಲು ನಾಚಿಕೆಯಾಯಿತು. ಜೇಲಿಗೆ ಬಂದ ಆ ಗೆಳೆಯನೂ ಇದೇ ಕಾರಣಗಳನ್ನು ಹೇಳುತ್ತಾನೆ. ನನ್ನ ಕನ್ನಡದಲ್ಲಿ ಅವನು ಸರಕಾರಿ ಅರ್ಜಿ ಓದುವವನ ಹಾಗೆ ಮಾತಾಡುತ್ತಿದ್ದ. ಗೆಲ್ಲುವುದು ಮುದುಕನೇ ಎಂದು ಮೊದಲೇ ಗೊತ್ತಿರುವುದರಿಂದ ಅನುವಾದಕರೆಲ್ಲ ಗೆಳೆಯನ ಮಾತನ್ನು ಬೇಗ ದಾಟಿಬಿಡುತ್ತೇವೆ. ಈ ಕೆಲಸಕ್ಕೆ ಬರುವ ಹುಡುಗರು ಇದೊಂದನ್ನು ನೆನಪಿಡಬೇಕು. ವಾದದಲ್ಲಿ ಸೋಲುವವನಿಗೆ ನಿಮ್ಮ ಹತ್ತಿರ ಇರುವ ಒಳ್ಳೆಯ ಕನ್ನಡ ಕೊಡಿ. ಅವನು ಸೋಲುತ್ತಾನೆಂದು ಅವನಿಗೆ ಗೊತ್ತಿರುವುದಿಲ್ಲ.

‘ನೀಲವ್ವ, ಕಡೀ ಮಾತ ಬದಲ ಮಾಡಾಕ ಆಗೂದಿಲ್ಲ’ ಎಂದೆ. ‘ಆದ್ರ ಓಡಿ ಹೋಗು ಅಂತ ಹೇಳಾಕ ಬಂದ ಗೆಳ್ಯಾ ಒಬ್ಬ ಅದಾನ. ಅಂವನ ಮಾತ ಒಂದೂ ಕಡಿಮಿ ಆಗಧಂಗ ಓದತೇನಿ.’

‘ಅಷ್ಟಾದ್ರೂ ಮಾಡ್ರಿ’ ಎಂದು ಎದ್ದು ಹೋದಳು.

ಆ ಮಧ್ಯಾಹ್ನ ಗೆಳೆಯನ ಮಾತನ್ನು ಪೂರ್ತಿ ಹೊಸದಾಗಿ ಬರೆದೆ. ಮೂಲದಲ್ಲಿ ಇಲ್ಲದ್ದನ್ನು ಸೇರಿಸಲಿಲ್ಲ. ಇದ್ದದ್ದು ನನಗೆ ಆವರೆಗೆ ಕೇಳಿಸಿರಲಿಲ್ಲ, ಅಷ್ಟೇ. ಸಂಜೆ ಓದಿದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ‘ಖರೆ ಐತಿ, ಖರೆ ಐತಿ’ ಎಂದು ಪಂಚರಲ್ಲೊಬ್ಬರು ಎರಡು ಸಲ ಅಂದರು. ಪೇದೆ ನೆಲ ನೋಡುತ್ತಿದ್ದ. ನೀಲವ್ವ ಮಾತ್ರ ನನ್ನನ್ನಾಗಲಿ ಜನರನ್ನಾಗಲಿ ನೋಡಲಿಲ್ಲ, ಕಂಬವನ್ನೇ ನೋಡುತ್ತಿದ್ದಳು. ಆಮೇಲೆ ಮುದುಕನ ಉತ್ತರ ಓದಬೇಕಾಯಿತು. ಇಷ್ಟು ವರ್ಷ ಯಾವ ನ್ಯಾಯದ ಕೆಳಗೆ ಬದುಕಿದೆನೋ, ಅದು ನನಗೆ ಕಷ್ಟ ಕೊಟ್ಟಿತೆಂದು ಈಗ ಗೋಡೆ ಹಾರಿ ಹೋಗಲೇ ಎನ್ನುತ್ತಾನೆ ಅವನು. ಅದನ್ನು ಓದುವಾಗ ಜೀವನದಲ್ಲಿ ಮೊದಲ ಸಲ ಆ ಮುದುಕನ ಮೇಲೆ ನನಗೆ ಸಿಟ್ಟು ಬಂತು. ಸುಮ್ಮನೆ ಎದ್ದು ಹೋಗಬಾರದೇ ಎನಿಸಿತು. ಓದಿದೆ. ಮುಗಿಸಿ ತಲೆ ಎತ್ತಿದಾಗ ಕಂಬದ ಹಿಂದೆ ಯಾರೂ ಇರಲಿಲ್ಲ.

ಬೆಳಗ್ಗೆ ಶಾಲೆಗೆ ಹೊರಟಾಗ ಹಳ್ಳದ ಹತ್ತಿರ ಚಕ್ಕಡಿ ನಿಂತಿತ್ತು. ಘಟಪ್ರಭಾಕ್ಕೆಂದು ಹೇಳಿಟ್ಟ ಚಕ್ಕಡಿಯೇ. ಅದರಲ್ಲಿ ಸಿದ್ದಪ್ಪ ಕಂಬಳಿ ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಪೇದೆ. ನಡೆದುಕೊಂಡು ಹೋದರೆ ಕೈದಿಯನ್ನು ಒಯ್ದಂತೆ ಕಾಣುತ್ತದೆ ಎಂದು ಪೇದೆಯೇ ಚಕ್ಕಡಿ ಹತ್ತಿಸಿದ್ದನಂತೆ. ಸಿದ್ದಪ್ಪ ತಾನಾಗಿಯೇ ಒಪ್ಪಿಸಿಕೊಂಡಿದ್ದ, ಗೋಕಾಕದ ಕೋರ್ಟಿಗೆ ಹೊರಟಿದ್ದರು. ನೀಲವ್ವ ರೊಟ್ಟಿಯ ಬುತ್ತಿಯನ್ನು ಮಗನ ಕೈಗೆ ಕೊಟ್ಟು, ಚಕ್ಕಡಿ ದಿಬ್ಬ ಏರಿ ಮರೆಯಾಗುವವರೆಗೆ ನಿಂತಿದ್ದು, ನನ್ನ ಕಡೆ ತಿರುಗಿದಳು. ನನಗೆ ಓಡಿಹೋಗಬೇಕೆನಿಸಿತು.

‘ಕಡೀ ದಿನಾ ಬರತೇನ್ರಿ ಮಾಸ್ತರ್ರ. ಆ ಕೋಳಿ ಏನಾಗತೈತಿ ನೋಡತೇನಿ. ಕಾಯಿ ಅಂದ್ರೋ, ಬದಲ ಮಾಡಾಕ ಬರತಿತ್ತು ನಿಮಗ, ನನ್ನ ಮಗನ ಸಲವಾಗಿ ಮಾಡಲಿಲ್ಲ ಅಂತ ತಿಳಕೋತೇನಿ.’

ಕೊನೆಯ ದಿನ ಶ್ರಾವಣದ ಅಮಾವಾಸ್ಯೆಗೆ ಇತ್ತು. ಅಷ್ಟರಲ್ಲಿ ಶಾಲೆಯ ಕಮಿಟಿಯ ಚೇರಮನ್‌ರು ನನ್ನನ್ನು ತಮ್ಮ ಹತ್ತಿಯ ಅಂಗಡಿಗೆ ಕರೆಸಿಕೊಂಡರು. ಅವರಿಗೂ ಕೋಳಿಯ ಸುದ್ದಿ ಮುಟ್ಟಿತ್ತು.

‘ಮಠದಾಗ, ಅದೂ ಶ್ರಾವಣದ ಪುರಾಣದ ಮಂಗಳದ ದಿನಾ, ಕೋಳಿ ಗೀಳಿ ಬ್ಯಾಡ್ರಿ. ಹುಕ್ಕೇರ್ಯಾಗ ಕಾಯಿ ಮಾಡೀರಂತಲ್ಲ, ಅದನ್ನ ಓದ್ರಿ. ನಿಮ್ಮ ನೌಕರಿ ಕಾಯಂ ಮಾಡೂ ವಿಚಾರ ಕಮಿಟಿ ಮುಂದ ಐತಿ. ನಿಮಗ ಗೊತ್ತಿರಲಿ ಅಂತ ಹೇಳಿದೆ.’

ಅವರು ಕೆಟ್ಟವರಲ್ಲ. ಕುಡಿಯಲು ಮಜ್ಜಿಗೆ ಕೊಟ್ಟರು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಆಕೆ ಅಕ್ಕಿ ಆರಿಸುತ್ತ, ‘ಇಬ್ಬರಿಗೂ ನಡಿಯೂವಂಥಾ ಒಂದು ಹಕ್ಕಿ ಇಲ್ಲೇನ್ರಿ?’ ಎಂದು ಕೇಳಿದಳು. ಪ್ರಾಣಿವರ್ಗವನ್ನೆಲ್ಲ ಯೋಚಿಸಿ ನೋಡಿದೆ. ಇರಲಿಲ್ಲ.

ಕೊನೆಯ ಸಂಜೆ ಮಠದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುದುಕ ಸಾಯುವವನೆಂದು ಜನ ವಿಭೂತಿ, ಹೂವು ತಂದಿದ್ದರು. ಗ್ರೀಸಿನಲ್ಲಿ ಹೆಣವನ್ನು ಕೂರಿಸಿ ಹೂಳುತ್ತಾರೋ ಮಲಗಿಸಿ ಹೂಳುತ್ತಾರೋ ಎಂದು ಇಬ್ಬರು ಹಿರಿಯರು ಓದು ಶುರುವಾಗುವ ಮುನ್ನವೇ ವಿಚಾರಿಸಿಕೊಂಡು ಹೋದರು. ಚೇರಮನ್‌ರು ಅಪ್ಪಾರ ಗದ್ದುಗೆಯ ಪಕ್ಕದಲ್ಲಿ ಕೂತಿದ್ದರು. ನೀಲವ್ವ ಮೊದಲ ಸಲ ಮುಂದೆ ಬಂದು, ಪೇದೆಯ ಸಾಲಿನಲ್ಲೇ ಕೂತಳು.

ಬಟ್ಟಲು ಬಂತು, ಮುದುಕ ಕುಡಿದ, ಅಡ್ಡಾಡಿದ, ಮಲಗಿದ. ಕಾಲು ತಣ್ಣಗಾದವು. ಹೆಂಗಸರು ಅಳುತ್ತಿದ್ದರು. ನಾನು ಓದುವುದನ್ನು ನಿಧಾನ ಮಾಡಿದೆ. ಅದು ಮುದುಕನ ದುಃಖಕ್ಕಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಹೆದರಿಕೆಗೆ. ಅವನು ಮುಖದ ಮೇಲಿನ ಬಟ್ಟೆ ಸರಿಸಿ ಗೆಳೆಯನನ್ನು ಕರೆದ ಎಂದು ಓದಿದೆ. ಆಮೇಲೆ ದೇವರಿಗೆ ಹರಕೆಯ ಕೋಳಿ ಒಪ್ಪಿಸಬೇಕೆಂಬ ಮಾತನ್ನು, ಕೋಳಿ ಎಂದೇ, ಇಡೀ ಮಠಕ್ಕೆ ಕೇಳುವಂತೆ ಓದಿದೆ.

ಅಳು ನಿಂತಿತು. ಚೇರಮನ್‌ರು ಅರ್ಧ ಎದ್ದರು. ಎಲ್ಲರೂ ಅಪ್ಪಾರ ಕಡೆ ನೋಡಿದರು. ಅವರು ಕಣ್ಣು ಮುಚ್ಚಿ ಕೂತಿದ್ದರು, ಮುಚ್ಚಿಕೊಂಡೇ ಹೇಳಿದರು.

‘ಹರಕಿ ಯಾತರದೋ ಹೊತ್ತಾಂವಗ ಗೊತ್ತು. ಮುಂದ ಓದ್ರಿ ಮಾಸ್ತರ.’

‘ಮುಂದೇನಿಲ್ರೀ ಅಪ್ಪಾರ. ಗೆಳ್ಯಾ ಅಂವನ ಕಣ್ಣ ಮುಚ್ಚಿದ. ಅಷ್ಟ.’

‘ಹಂಗಾರ ಮಂಗಳಾರತಿ ಮಾಡ್ರಿ.’

ಚೇರಮನ್‌ರು ಆರತಿ ತೆಗೆದುಕೊಳ್ಳದೆ ಹೋದರು. ನೌಕರಿ ಕಾಯಂ ಆಗುವ ವಿಷಯ ಏನಾಯಿತೆಂದು ಕೇಳಬೇಡಿ, ಬಡ್ತಿಯ ಬಗ್ಗೆ ಬರೆಯುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ. ಸಿದ್ದಪ್ಪನ ವಿಷಯವನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. ಅವನಿಗೆ ಶಿಕ್ಷೆಯಾಯಿತು. ಅನುಭವಿಸಿ ಬಂದು ತುಕ್ಕಾನಟ್ಟಿಯಲ್ಲೇ ಒಕ್ಕಲುತನ ಮಾಡಿಕೊಂಡಿದ್ದ. ಕಾವಲುಗಾರನಿಗೆ ಹೊಡೆದವರು ಯಾರೆಂದು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವನು ಮಿರಜಕ್ಕೆ ಹೋಗಿದ್ದರೆ ಒಳ್ಳೆಯದಿತ್ತೇನೋ ಎಂದು ಈಗಲೂ ಕೆಲವು ದಿನ ಅನಿಸುತ್ತದೆ, ಕೆಲವು ದಿನ ಅನಿಸುವುದಿಲ್ಲ.

ಆ ಸಂಜೆ ಮಂಗಳಾರತಿ ಮುಗಿದು ಜನ ಕರಗಿದ ಮೇಲೆ ನಾನು ಪುಸ್ತಕ ಕಟ್ಟಿಕೊಂಡು ಮೆಟ್ಟಿಲಿಳಿದೆ. ಹುಣಸೆಮರದ ಕೆಳಗೆ ನೀಲವ್ವ ನಿಂತಿದ್ದಳು.

‘ಕೋಳಿ ಅಂತನ ಓದಿದ್ರಿ.’

‘ಹೂಂನವ್ವಾ.’

‘ಹಂಗಾರ ಆ ಮುದುಕಗ ಓಡಿ ಹೋಗಾಕ ಖರೇನ ಮನಸಿರಲಿಲ್ಲ.’

‘ಇರಲಿಲ್ಲವ್ವಾ.’

ಆಕೆ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ವಿಭೂತಿಯನ್ನು ಬಿಚ್ಚಿ ನೋಡಿ ಮತ್ತೆ ಗಂಟು ಹಾಕಿದಳು.

‘ನಾಳಿ ಗೋಕಾಕಕ್ಕ ಮಗನ್ನ ನೋಡಾಕ ಹೊಂಟೇನಿ. ಕಥಿ ಕಡೀಕ ಏನಾತವ್ವಾ ಅಂತ ಕೇಳತಾನ. ನೀವು ಕಾಯಿ ಅಂದಿದ್ರ ಏನ ಹೇಳಬೇಕಂತ ನನಗ ತಿಳಿತಿರಲಿಲ್ರಿ. ಈಗ ಹೇಳತೇನಿ.’